ಔಡಲೆಣ್ಣೆಯ ಹಾಳೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಲಬುರ್ಗಿಯಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲದ ಬದಲು, ಸಸಿಯೊಂದಿಗೇ ನೆಟ್ಟರೆ ಮಣ್ಣಲ್ಲಿ ಮಣ್ಣಾಗುವ ಚೀಲವನ್ನು ಗಿಡದ ಎಣ್ಣೆಯಿಂದ ಮಾಡಬಹುದೇ ಎಂಬುದು ನನ್ನ ಪ್ರಶ್ನೆ. ಎಣ್ಣೆ ಕೊಟ್ಟವಳು ನರೋಣಾ ಹಳ್ಳಿಯ ನನ್ನ ದೊಡ್ಡವ್ವ. ತೊಗರಿ ಹೊಲದ ಬದುವಿನ ಔಡಲ, ಅಂದರೆ ಹರಳೆಣ್ಣೆ ಗಿಡದ ಬೀಜವನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಶೀಸೆಗೆ ತುಂಬಿಕೊಟ್ಟಳು.

“ಹೊಟ್ಟಿ ಕಟ್ಟೇದೇನು ಬೇ?” ಎಂದಳು.

“ಇಲ್ಲ ದೊಡ್ಡವ್ವಾ, ಇದರಿಂದ ಹಾಳಿ ಮಾಡ್ತೇನಿ. ಪ್ಲಾಸ್ಟಿಕ್ ಇದ್ದಂಗ.”

“ಎಣ್ಣಿ ಎಲ್ಲ್ಯಾರ ಹಾಳಿ ಆಗ್ತದೇನು!” ಎಂದು ನಕ್ಕಳು.

ಮೂರು ತಿಂಗಳು ಅವಳ ಮಾತೇ ನಿಜವಾಯಿತು. ಎಣ್ಣೆಗೆ ನಿಂಬೆ ಹುಳಿಯ ಹರಳು, ಅಂದರೆ ಸಿಟ್ರಿಕ್ ಆಮ್ಲ ಬೆರೆಸಿ ಗಂಟೆಗಟ್ಟಲೆ ಕಾಯಿಸುತ್ತಿದ್ದೆ. ಒಮ್ಮೆ ಸುಟ್ಟು ಕರ್ರಗಾಯಿತು. ಒಮ್ಮೆ ಬೆಲ್ಲದ ಪಾಕದಂತೆ ಅಂಟಂಟಾಗಿಯೇ ಉಳಿಯಿತು. “ಉರಿ ಕಮ್ಮಿ ಮಾಡ್ರಿ, ಅವಸರ ಬ್ಯಾಡ,” ಎನ್ನುತ್ತಿದ್ದರು ನನ್ನ ಮಾರ್ಗದರ್ಶಕರು. ಒಂದು ಮಧ್ಯಾಹ್ನ ಗಾಜಿನ ಕಡ್ಡಿಯಿಂದ ಕಲಕುತ್ತಿದ್ದಾಗ ಪಾಕ ಗಟ್ಟಿಯಾಗುತ್ತಿರುವ ಬಿಗಿ ಕೈಗೆ ಹತ್ತಿತು. ತಕ್ಷಣ ತಟ್ಟೆಗೆ ಸುರಿದು ಓವನ್ನಿನಲ್ಲಿಟ್ಟೆ. ಮರುದಿನ ಜೇನಿನ ಬಣ್ಣದ ತೆಳು ಹಾಳೆಯೊಂದು ತಟ್ಟೆ ಬಿಟ್ಟು ಎದ್ದು ಬಂತು. ಎಳೆದರೆ ಹಿಗ್ಗಿತು, ಬಿಟ್ಟರೆ ಮೊದಲಿನಂತಾಯಿತು. ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆಂದು ಎಷ್ಟೋ ಸಲ ಓದಿದ್ದೆ. ಈಗ ಆ ಹೆಣಿಗೆ ನನ್ನ ಬೆರಳ ನಡುವೆಯೇ ಇತ್ತು. ಮಾರ್ಗದರ್ಶಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಇನ್ನು ಉಳಿದದ್ದು ಮಣ್ಣಿನ ಪರೀಕ್ಷೆ. ಹಾಳೆಯನ್ನು ಅಂಗೈಯಗಲದ ಹಲವು ತುಂಡು ಮಾಡಿ, ತೂಗಿ, ಒಂದೊಂದನ್ನೂ ಸೊಳ್ಳೆ ಪರದೆಯ ಬಟ್ಟೆಯಲ್ಲಿ ಸುತ್ತಿ, ಮುಂಗಾರಿನ ಮೊದಲ ಮಳೆಗೆ ದೊಡ್ಡವ್ವನ ಹೊಲದಲ್ಲೇ ಹೂತೆ. ಹೋಲಿಸಲು ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದ ತುಂಡನ್ನೂ ಇಟ್ಟೆ. ಕಾವಲು ದೊಡ್ಡವ್ವನದು.

ದಸರೆಯ ಹೊತ್ತಿಗೆ ಬಸ್ಸಿಳಿದು ನೇರ ಹೊಲಕ್ಕೆ ಹೋದೆ. “ತಡೀಲಾರದ ಎರಡು ಸಲ ಕೆದರಿ ನೋಡೇನಿ, ಮತ್ತ ಮುಚ್ಚೀನಿ,” ಎಂದು ಅವಳೇ ಒಪ್ಪಿಕೊಂಡಳು. ಸಿಟ್ಟು ಬರಬೇಕಿತ್ತು, ನಗು ಬಂತು.

ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಕಪ್ಪು ಎರೆ ಮಣ್ಣು ಸರಿಸಿದೆವು. ಪ್ಲಾಸ್ಟಿಕ್ ತುಂಡು ನಿನ್ನೆ ಹೂತಷ್ಟು ಹೊಸದಾಗಿತ್ತು. ಬಟ್ಟೆ ಬಿಚ್ಚಿದರೆ ನಮ್ಮ ಹಾಳೆ ಜಾಳಿಗೆಯಂತಾಗಿತ್ತು. ಅದರ ಮೇಲೆಲ್ಲ ಬೂಷ್ಟಿನ ಬಿಳಿ ಎಳೆ. ತೂತುಗಳಲ್ಲಿ ತೊಗರಿಯ ಕೂದಲಿನಂಥ ಬೇರುಗಳು ಹಾದುಹೋಗಿದ್ದವು. ಹೂತ ಹಾಳೆಯ ತುಂಡುಗಳಲ್ಲಿ ಎರಡರ ಗುರುತೂ ಸಿಗಲಿಲ್ಲ. ನನ್ನ ಎಷ್ಟೋ ತಿಂಗಳ ಕೆಲಸವನ್ನು ಮಣ್ಣು ಸದ್ದಿಲ್ಲದೆ ಉಂಡುಬಿಟ್ಟಿತ್ತು. ಅದಕ್ಕಿಂತ ದೊಡ್ಡ ಸಂತೋಷ ನಾನು ಕಂಡಿರಲಿಲ್ಲ.

ದೊಡ್ಡವ್ವ ಮಣ್ಣಿನ ಹೆಂಟೆಯೊಂದನ್ನು ಹಣೆಗೆ ಮುಟ್ಟಿಸಿಕೊಂಡಳು. “ನಮ್ಮ ಕಣ್ಣಿಗೆ ಕಾಣಂಗಿಲ್ಲ, ಒಳಗ ಎಷ್ಟ್ ಮಂದಿ ದುಡಿಲಾಕತ್ತಾರ ನೋಡು ಬೇ,” ಎಂದಳು.

ಆ ಹಾಳೆಯಿಂದ ಚೀಲ ಆಗಲಿಲ್ಲ. ದಿನಾ ನೀರು ಹನಿಸುವ ಸಸಿಗಳ ನಡುವೆ ಅದು ನೆಡುವ ಮೊದಲೇ ಕೊಳೆತು ಹರಿದುಹೋಗುತ್ತಿತ್ತು. ಅದನ್ನೂ ಮುಚ್ಚಿಡದೆ ಪ್ರಬಂಧದಲ್ಲಿ ಬರೆದೆ. ಪದವಿ ಬಂತು, ಜೇವರ್ಗಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅಲ್ಲಿ ಪ್ರತಿ ವರ್ಷ ಹುಡುಗಿಯರನ್ನು ಕಾಲೇಜಿನ ಹಿಂದಿನ ಬಯಲಿಗೆ ಕರೆದೊಯ್ದು, ಒಂದೊಂದು ಹಿಡಿ ಮಣ್ಣು ಕೈಗೆ ಕೊಟ್ಟೇ ಪಾಠ ಶುರು ಮಾಡುತ್ತಿದ್ದೆ.