ಗುಬ್ಬಿಯಲ್ಲಿ ನಾನು ಒಡೆದ ಹೆಂಚು

ಹೆಂಚು ಕೊಯ್ಯಲು ನನ್ನ ಕೈಗೆ ಹ್ಯಾಕ್ಸಾ ಬ್ಲೇಡ್ ಕೊಟ್ಟವರು ನನ್ನ ಕರಾಟೆ ಮಾಸ್ಟರು. ಶೆಟ್ಟಿಹಳ್ಳಿಯ ಮನೆಯೊಂದರ ತಾರಸಿ ಮೇಲೆ ಶೀಟು ಹೊದಿಸಿದ ಜಾಗದಲ್ಲಿ ಅವರ ಕ್ಲಾಸು ನಡೆಯುತ್ತದೆ. ಕಾಲೇಜು ಓದುವಾಗ ಅಲ್ಲಿಗೆ ಸೇರಿದವಳು ನಾನು. ಆಮೇಲೆ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹೈಸ್ಕೂಲಿಗೆ ಬಂದಳು, ಕ್ಲಾಸು ಮಾತ್ರ ಬಿಡಲಿಲ್ಲ. ಈಗ ಹೊಸ ಹುಡುಗಿಯರಿಗೆ ಕಲಿಸುವವಳೂ ನಾನೇ.

ಕುಣಿಗಲ್‌ನಲ್ಲಿ ಒಂದು ಪ್ರದರ್ಶನ ನಿಗದಿಯಾಗಿತ್ತು. ನಮ್ಮ ಹುಡುಗಿಯರು ಜನರೆದುರು ಕೈಯಲ್ಲಿ ಹೆಂಚು ಒಡೆಯಬೇಕು. ಮಾಸ್ಟರು ಮೂಲೆಯಲ್ಲಿದ್ದ ಹೆಂಚಿನ ಗುಡ್ಡೆ ತೋರಿಸಿ, ಟೀ ಕುಡಿಯುತ್ತಲೇ ಹೇಳಿದರು.

"ಹಿಂಭಾಗದಲ್ಲಿ ಅರ್ಧ ದಪ್ಪದವರೆಗೆ ಕೊಯ್ದುಬಿಡಮ್ಮ. ಆಮೇಲೆ ಇಟ್ಟಿಗೆ ಪುಡಿ ಕಲಸಿ ಮೆತ್ತು, ಗೊತ್ತಾಗಲ್ಲ. ಮೇಲಿನದೊಂದನ್ನ ಹಂಗೇ ಬಿಡು, ಯಾರಾದ್ರೂ ತಟ್ಟಿ ನೋಡ್ತಾರೆ. ಇಷ್ಟು ದಿನ ನಾನೇ ಮಾಡ್ತಿದ್ದೆ, ಈಗ ಕಣ್ಣು ಸರಿಯಾಗಿ ಕಾಣ್ಸಲ್ಲ."

ಬ್ಲೇಡು ನನ್ನ ಕೈಯಲ್ಲೇ ಇತ್ತು. "ಗುಬ್ಬೀಲಿ ನಾನು ಒಡೆದಿದ್ದು?" ಎಂದೆ.

"ಅದೂ ಅಷ್ಟೇ ಕಣಮ್ಮ. ಮತ್ತೇನು ಅಂದ್ಕೊಂಡಿದ್ದೆ?"

ಏನಂದುಕೊಂಡಿದ್ದೆನೋ ಅದನ್ನು ಹೇಳಿದರೆ ಯಾರಾದರೂ ನಕ್ಕಾರು. ಗುಬ್ಬಿಯಲ್ಲಿ ಒಂದು ಶಾಲೆಯ ಮೈದಾನ. ಕ್ಲಾಸಿಗೆ ಸೇರಿ ಕೆಲವು ವರ್ಷವಾಗಿದ್ದ ನನ್ನನ್ನು ಮಾಸ್ಟರು ಎಲ್ಲರ ಮುಂದೆ ಕರೆದರು. ಎರಡು ಸಿಮೆಂಟ್ ಇಟ್ಟಿಗೆಯ ಮೇಲೆ ನಾಲ್ಕು ಹೆಂಚು. ಚೇಳೂರಿನಿಂದ ಬಸ್ಸು ಹತ್ತಿ ಬಂದಿದ್ದ ಅವ್ವ ಮುಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದಳು. ಹೆಣ್ಣುಮಗಳಿಗೆ ಈ ಗುದ್ದಾಟ ಯಾಕೆ ಎಂದು ಮನೆಯಲ್ಲಿ ದಿನಾ ರೇಗುತ್ತಿದ್ದವಳು ಅವಳೇ. ನಾನು ಉಸಿರು ಕಟ್ಟಿ ಹೊಡೆದೆ. ನಾಲ್ಕೂ ಎರಡೆರಡು ಹೋಳಾಗಿ ಬಿದ್ದವು. ಅವ್ವ ಎದ್ದು ಬಂದು ಒಂದು ಹೋಳನ್ನು ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಅದು ನಮ್ಮ ಮನೆಯ ಗೋಡೆಗೂಡಿನಲ್ಲಿ ದೀಪದ ಪಕ್ಕ ಕೂತಿತು. ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದರ ದರ್ಶನ ಆಗಬೇಕಿತ್ತು.

ಇಷ್ಟು ವರ್ಷದ ಕರಾಟೆ ನಿನಗೆ ಏನು ಕೊಟ್ಟಿತು ಎಂದು ಕೇಳುವವರಿದ್ದಾರೆ. ಮಳೆಯಲ್ಲಿ ಸ್ಕೂಟಿ ಜಾರಿದಾಗ ಬೀಳುವ ಹದ ಗೊತ್ತಿದ್ದುದರಿಂದ ಮೂಳೆ ಉಳಿಯಿತು. ಬೆಳಗ್ಗೆ ಮಂಡಿ ನೋಯುವುದಿಲ್ಲ. ಕೋಪ ಬಂದಾಗ ಒಂದು ಉಸಿರು ತಡೆಯುವುದು ಬಂದಿದೆ, ಯಾವಾಗಲೂ ಅಲ್ಲ. ಇವೆಲ್ಲ ನಿಜ. ಆದರೆ ನನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಆ ಹೆಂಚು. ಗುಬ್ಬಿ ಬಸ್ಸಿನಲ್ಲಿ ಒಬ್ಬ ಬೇಕಂತಲೇ ಮೈಗೆ ಒರಗಿದಾಗ ನಾನು ಕೈ ಎತ್ತಲಿಲ್ಲ, ತಿರುಗಿ ನೋಡಿದೆ ಅಷ್ಟೇ. ಅವನು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ಫ್ಯಾಕ್ಟರಿಯ ಸೂಪರ್‌ವೈಸರ್ ಎಲ್ಲರ ಮುಂದೆ ಕೂಗಾಡಿದಾಗ ದನಿ ನಡುಗದಂತೆ ಉತ್ತರ ಕೊಟ್ಟೆ. ಪ್ರತಿ ಸಲವೂ ಒಳಗೆ ಒಂದೇ ಮಾತು: ನಾಲ್ಕು ಹೆಂಚು ಒಡೆದವಳು ನಾನು.

ಆ ಮಾತಿಗೇ ಈಗ ಮಾಸ್ಟರು ನಾಮ ಹಾಕಿದ್ದರು. ನನ್ನ ಮೈಯೆಲ್ಲ ಉರಿಯಿತು.

"ನನಗೆ ಹೇಳ್ಬಹುದಿತ್ತಲ್ಲ ಸರ್."

"ಹೇಳಿದ್ರೆ ಕೈ ಅಳುಕುತ್ತೆ. ಅಷ್ಟು ಜನದ ಮುಂದೆ ಒಡೀದೇ ಹೋಗಿದ್ರೆ ನಿನಗೇ ಅವಮಾನ. ನಿನ್ನ ಒಳ್ಳೇದಕ್ಕೇ ಮಾಡಿದ್ದು."

ಒಳ್ಳೆಯದಂತೆ. ಕ್ಲಾಸಿಗೆ ಕಾಲಿಡುವ ಮುಂಚೆ ಬಗ್ಗಿ ನಮಸ್ಕಾರ ಮಾಡಿಸಿ, ಈ ಜಾಗದಲ್ಲಿ ಸುಳ್ಳು ಹೇಳಬಾರದು ಎಂದು ಪ್ರತಿ ಹೊಸಬರಿಗೂ ಹೇಳುತ್ತಿದ್ದ ಮನುಷ್ಯ ಇವರು. ಅದನ್ನೇ ನಾನೂ ಹುಡುಗಿಯರಿಗೆ ಹೇಳಿಕೊಂಡು ಬಂದಿದ್ದೇನೆ. ಬ್ಲೇಡನ್ನು ಬ್ಯಾಗಿಗೆ ತುರುಕಿಕೊಂಡು ಕೆಳಗಿಳಿದೆ.

ಮರುದಿನ ಭಾನುವಾರ, ಚೇಳೂರಿಗೆ ಹೋದೆ. ಅವ್ವ ಅಡುಗೆಮನೆಯಲ್ಲಿದ್ದಳು. ಗೂಡಿನಿಂದ ಹೋಳನ್ನು ತೆಗೆದು ಅದರ ಅಂಚಿನ ಎಣ್ಣೆ ಜಿಡ್ಡನ್ನು ಉಗುರಲ್ಲಿ ಕೆರೆದೆ. ಅರ್ಧ ದಪ್ಪ ತರಿತರಿ, ಇನ್ನರ್ಧ ಗೆರೆ ಎಳೆದಷ್ಟು ನೇರ. ಹಿರೇಹಳ್ಳಿಯಲ್ಲಿ ನನ್ನ ಕೆಲಸವೇ ಎರಕದ ಕಬ್ಬಿಣದಲ್ಲಿ ಬಿರುಕು ಹುಡುಕುವುದು. ನಮ್ಮ ಮನೆಯ ಗೂಡಿನಲ್ಲಿದ್ದದ್ದನ್ನು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ.

"ಅದನ್ಯಾಕೆ ತೆಗೆದೆ?" ಎಂದಳು ಅವ್ವ.

ನಾನು ಹೋಳನ್ನು ಗೂಡಿನಲ್ಲಿಟ್ಟು ಹಿತ್ತಲಿಗೆ ಹೋದೆ. ಕೊಟ್ಟಿಗೆ ರಿಪೇರಿಗೆಂದು ತಂದು ಮಿಕ್ಕಿದ್ದ ಹೆಂಚುಗಳನ್ನು ಅಲ್ಲಿ ಜೋಡಿಸಿಟ್ಟಿದ್ದರು. ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿ, ತಟ್ಟಿ, ನಾಲ್ಕನ್ನು ಆರಿಸಿಕೊಂಡೆ. ಎರಡು ಕಲ್ಲಿನ ಮೇಲೆ ಇಟ್ಟೆ. ಒಡೆಯದಿದ್ದರೆ ಬಸ್ಸಿನಲ್ಲಿ ತಿರುಗಿ ನೋಡಿದವಳು ಯಾರು, ಸೂಪರ್‌ವೈಸರ್‌ಗೆ ಉತ್ತರ ಕೊಟ್ಟವಳು ಯಾರು ಎಂಬ ಭಯ ನನಗೆ. ಅವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಏನೇ ಇದು, ಬುಡು, ಕೈ ಮುರ್ಕೊಂಡೀಯ" ಎಂದಳು.

ಹೊಡೆದೆ. ಕೈ ನೆಲದವರೆಗೂ ಹೋಯಿತು. ನಾಲ್ಕೂ ಒಡೆದಿದ್ದವು, ಅಂಕುಡೊಂಕಾಗಿ, ಚೂರುಚೂರಾಗಿ. ನನ್ನ ಕೈಯ ಅಂಚು ಕೆಂಪಾಗಿತ್ತು, ಅಷ್ಟೇ.

ಖುಷಿಯಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ಅಲ್ಲೇ ನಿಂತು ಮಾಸ್ಟರಿಗೆ ಫೋನ್ ಮಾಡಿದೆ.

"ಸರ್, ಕೊಯ್ಯದೇ ಇರೋ ಹೆಂಚು ಒಡೆದೆ. ನಾಲ್ಕು."

ಅವರು ನಕ್ಕರು, ಪ್ರೀತಿಯಿಂದಲೇ. "ನೀನು ಒಡೀತೀಯ ಅಂತ ನನಗೆ ಅವತ್ತೇ ಗೊತ್ತಿತ್ತು ಕಣಮ್ಮ."

"ಗೊತ್ತಿದ್ರೆ ಯಾಕೆ ಸರ್ ಕೊಯ್ದ್ರಿ?"

ಆ ಕಡೆ ಅವರು ಟೀವಿಯ ಸದ್ದು ತಗ್ಗಿಸಿದರು. ಆಮೇಲೆ, "ಕುಣಿಗಲ್ ಹೆಂಚು ಯಾವಾಗ ಕೊಯ್ದು ಕೊಡ್ತೀಯ?" ಎಂದು ಕೇಳಿದರು.