ಹೊರಗಿನ ಚಿಲಕ

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಏಳನೆಯ ತರಗತಿಯ ನಡುವೆ. ಆಗ ವೆಲ್ಡಿಂಗ್ ಶೆಡ್ಡಿಗೆ ಸೇರಿದವನು ಇವತ್ತು ಲಗ್ಗೆರೆಯಲ್ಲಿ ನನ್ನದೇ ಶೆಡ್ಡು ಇಟ್ಟಿದ್ದೇನೆ. ನಮ್ಮ ಬೀದಿಯಲ್ಲಿ ನಾನು ಮಾಡದ ಗೇಟು ಬೇಕೆಂದರೆ ಹುಡುಕಬೇಕು. ಇನ್ನು ಯಾರ ಹತ್ತಿರವೂ ಕಲಿಯುವುದು ಬಾಕಿಯಿಲ್ಲ ಅಂದುಕೊಂಡಿದ್ದೆ.

ನಮಗೆ ಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಮಕ್ಕಳ ಕಲ್ಯಾಣ ಸಮಿತಿಯವರು ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ನಮ್ಮ ಮನೆಯಲ್ಲಿಟ್ಟು ಸಾಕಲು ಕೊಟ್ಟರು. ದತ್ತು ಅಲ್ಲ. ಅವಳ ಕಡೆಯವರು ಯಾರಾದರೂ ನೋಡಿಕೊಳ್ಳುವಂತಾಗುವವರೆಗೆ, ಅಷ್ಟೇ. ಕೊಪ್ಪಳದ ಕಡೆಯಿಂದ ಕೂಲಿಗೆ ಬಂದವರ ಮಗು. ಅವಳಿಗೆ ಹಿಂದೆ ಏನಾಗಿತ್ತೆಂದು ಕಾಗದದಲ್ಲಿ ಬರೆದಿತ್ತು, ಇಂಗ್ಲಿಷಿನಲ್ಲಿ. ಓದಿ ಹೇಳಿ ಎಂದು ಕೇಳಲು ನನಗೆ ಮರ್ಯಾದೆ ಅಡ್ಡ ಬಂತು. "ಗೊತ್ತಾಯ್ತು ಮೇಡಂ" ಎಂದು ಸಹಿ ಹಾಕಿದೆ.

ಅವಳ ಕೋಣೆಗೆ ಹೊಸ ಕಬ್ಬಿಣದ ಬಾಗಿಲು ಮಾಡಿದೆ. ಎರಡೂ ಕಡೆ ಚಿಲಕ. ಬಾಗಿಲು ಕೂರಿಸಿದ ಮೇಲೆ ಗಿರಾಕಿಯ ಎದುರು ಚಿಲಕ ಹಾಕಿ, ಜೋರಾಗಿ ಅಲುಗಾಡಿಸಿ ತೋರಿಸುವುದು ನಮ್ಮ ಕಸುಬಿನ ರೂಢಿ. ಅವಳು ಒಳಗಿದ್ದಳು. ನಾನು ಹೊರಗಿನ ಚಿಲಕ ಜಡಿದು, ಎರಡೂ ಕೈಯಲ್ಲಿ ಅಲುಗಾಡಿಸಿ, "ನೋಡಮ್ಮಾ, ಆನೆ ಬಂದ್ರೂ ಅಲ್ಲಾಡಲ್ಲ!" ಎಂದು ಕೂಗಿದೆ. ತೆರೆದಾಗ ಅವಳು ಮಂಚದ ಕೆಳಗಿದ್ದಳು. ಲಂಗ ಒದ್ದೆಯಾಗಿತ್ತು.

ವಿಜಯನಗರ ಬಡಾವಣೆಯಲ್ಲಿ ಪ್ರತಿ ಶನಿವಾರ ಅವಳನ್ನು ಮಾತಾಡಿಸುತ್ತಿದ್ದ ಕೌನ್ಸೆಲರ್, ನನಗೆ ಮಗಳಿದ್ದಿದ್ದರೆ ಆ ವಯಸ್ಸಿನವರು. ನಡೆದದ್ದನ್ನು ಅವರ ಹತ್ತಿರ ಹೇಳಿದೆ.

"ಅಪ್ಪ ಅಮ್ಮ ಅವಳ್ನ ದಿನವಿಡೀ ಕೂಡಿ ಹಾಕಿ ಕೆಲ್ಸಕ್ಕೆ ಹೋಗ್ತಿದ್ರು ಸಾರ್. ಪೇಪರಲ್ಲಿ ಇತ್ತಲ್ಲ?"

"ಮರ್ತೋಯ್ತು" ಎಂದೆ.

ಅವರು ನನ್ನ ಮುಖ ನೋಡಿದರು, ಬಯ್ಯಲಿಲ್ಲ. "ಹೆದರ್ಬೇಡ ಅಂದ್ರೆ ಹೆದರಿಕೆ ಹೋಗಲ್ಲ ಸಾರ್. ಮುಂದೇನಾಗುತ್ತೆ ಅಂತ ಅವಳಿಗೆ ಮೊದ್ಲೇ ಗೊತ್ತಿರ್ಬೇಕು. ಹೋಗೋವಾಗ ಎಷ್ಟೊತ್ತಿಗೆ ಬರ್ತೀನಿ ಅಂತ ಹೇಳಿ. ಹೇಳಿದ ಹೊತ್ತಿಗೆ ಬನ್ನಿ. ಉತ್ತರ ಮಾತ್ರ ಕೇಳ್ಬೇಡಿ."

ಆರು ತಿಂಗಳಿಗೆ ಸಮಿತಿಯವರು ಬಂದು ನೋಡುತ್ತಾರೆ, ಆಗಲೂ ನನ್ನನ್ನು ಕಂಡು ನಡುಗುತ್ತಿದ್ದರೆ ಬೇರೆ ಮನೆಗೆ ಕಳಿಸಬಹುದು ಎಂದೂ ಹೇಳಿದರು.

ಅಂದೇ ಅವಳನ್ನು ಹೆಂಡತಿಯ ಜೊತೆ ಹೊರಗೆ ಕಳಿಸಿ ಹೊರಗಿನ ಚಿಲಕ ಕತ್ತರಿಸಿದೆ. ಮರುದಿನದಿಂದ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ನಿಂತು, "ಕೆಲ್ಸಕ್ಕೆ ಹೋಗ್ತಾ ಇದೀನಿ. ಏಳಕ್ಕೆ ಬರ್ತೀನಿ" ಎನ್ನುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗುತ್ತಿದ್ದಳು. ಸಂಜೆ ಮೆಟ್ಟಿಲು ಹತ್ತುವಾಗ ಅಡುಗೆಮನೆಯಲ್ಲಿ ಅವಳ ನಗು ಕೇಳಿಸುತ್ತಿತ್ತು. ನಾನು ಒಳಗೆ ಹೋದರೆ ನಿಲ್ಲುತ್ತಿತ್ತು. ಅದಕ್ಕೆ ಬೇಗ ಬಂದ ದಿನ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಗಂಟೆ ಏಳಾದಾಗ ಏಳುತ್ತಿದ್ದೆ.

"ಗೋಡೆ ಜೊತೆ ಮಾತಾಡ್ದಂಗಾಯ್ತು ಕಣೇ" ಎಂದೆ ಹೆಂಡತಿಗೆ.

"ಇಷ್ಟು ವರ್ಷ ನಾನೂ ಹಂಗೇ ಮಾತಾಡಿರೋದು ಬಿಡಿ" ಎಂದಳು.

ಐದನೆಯ ತಿಂಗಳು ಒಂದು ದಿನ ಉಲ್ಲಾಳದಲ್ಲಿ ಗೇಟು ಕೂರಿಸಿ ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಮನೆಗೆ ಬಂದರೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ಏಳಕ್ಕ ಬರ್ತೀನಿ ಅಂದಿದ್ರಿ. ಏಳೂ ಹತ್ತ ಆಗೇತಿ."

"ತಪ್ಪಾಯ್ತಮ್ಮ" ಎಂದೆ. ಆ ಮಾತನ್ನು ಅದಕ್ಕೆ ಮೊದಲು ಯಾರಿಗಾದರೂ ಅಂದಿದ್ದೆನೋ ಇಲ್ಲವೋ, ನೆನಪಿಲ್ಲ.

ಅವಳನ್ನು ಬೇರೆ ಮನೆಗೆ ಕಳಿಸಲಿಲ್ಲ. ಮುಂದೆ ಒಂದು ವರ್ಷದ ತನಕ ಐದು ನಿಮಿಷ ತಡವಾದರೂ ಅವಳಿಂದ ಬೈಸಿಕೊಂಡೆ. ಕಳೆದ ಬೇಸಿಗೆಯಲ್ಲಿ ಊರಿನಲ್ಲಿದ್ದ ಅವಳ ಅಜ್ಜಿ ಕರೆದುಕೊಂಡು ಹೋಗಲು ಮುಂದೆ ಬಂದರು, ಸಮಿತಿ ಒಪ್ಪಿತು. "ಓದಿ ಹೇಳಿ ಮೇಡಂ, ನಂಗೆ ಇಂಗ್ಲಿಷ್ ಬರಲ್ಲ" ಎಂದು ಈ ಸಲ ಕಾಗದ ಕೇಳಿಸಿಕೊಂಡೇ ಸಹಿ ಹಾಕಿದೆ.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು "ಹೋಗ್ತೀನ್ರಿ" ಎಂದಳು. ಯಾವಾಗ ಬರುತ್ತೇನೆಂದು ಹೇಳಲಿಲ್ಲ. ಹೇಳಿದರೆ ಬರಬೇಕಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಲಿತಿದ್ದಳು.

ಬೆಳಿಗ್ಗೆ ಹೊರಡುವಾಗ ಈಗಲೂ ಏಳಕ್ಕೆ ಬರ್ತೀನಿ ಎನ್ನುತ್ತೇನೆ. ಅಡುಗೆಮನೆಯಿಂದ ಹೆಂಡತಿ ಹ್ಞೂಂ ಅನ್ನುತ್ತಾಳೆ.

ಈಗ ನನಗಿರುವುದು ಒಂದು ಶೆಡ್ಡು, ಎರಡು ವೆಲ್ಡಿಂಗ್ ಮೆಷಿನ್ನು, ಹೆಂಡತಿ ಒಬ್ಬಳು, ಖಾಲಿ ಕೋಣೆ ಒಂದು, ಅದಕ್ಕೆ ಒಂದೇ ಚಿಲಕದ ಬಾಗಿಲು.