ಹತ್ತನೆಯ ಕಥೆಯ ಊಟ

ಮದುವೆಯಾಗಿ ರಾಜಾಜಿನಗರದ ಹೊಸ ಮನೆಗೆ ಬಂದ ವರ್ಷ ನಾನು ರಾಕ್ಷಸರ ಕಥೆ ಬರೆಯಲು ಕುಳಿತೆ. ಐವತ್ತರ ದಶಕ, ಸುತ್ತ ಅರ್ಧ ಎದ್ದ ಗೋಡೆಗಳು, ಲಂಟಾನದ ಪೊದೆ, ಹುತ್ತ. ಗಂಡ ಬೆಳಗ್ಗೆ ಸೈಕಲ್ ಹತ್ತಿ ಕಾರ್ಖಾನೆಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅತ್ತೆ. ಮಾತಾಡಿಸೋಣವೆಂದರೆ ಪಕ್ಕದ ಮನೆ ಇನ್ನೂ ತಳಪಾಯದಲ್ಲಿತ್ತು. ರಾಕ್ಷಸರಾದರೂ ಇರಲಿ ಎನಿಸಿತು.

ನನ್ನ ನಾಯಕ ಊರೂರು ಅಲೆಯುವ, ರಾಕ್ಷಸರ ಬೇಟೆಗಾರ. ಹೆಗಲಿಗೆ ಕಂಬಳಿ, ಕೈಯಲ್ಲಿ ಕಬ್ಬಿಣದ ಸಲಾಕೆ. ಪ್ರತಿ ಕಥೆಯಲ್ಲೂ ಒಂದು ಊರು ಅವನನ್ನು ಕೈಮುಗಿದು ಕರೆಯುತ್ತಿತ್ತು. ಬಾವಿಯಲ್ಲೋ ಆಲದ ಮರದಲ್ಲೋ ಇದ್ದ ರಾಕ್ಷಸ ಸತ್ತ ಮೇಲೆ ಅದೇ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ಅವನು ಹಸಿದ ಹೊಟ್ಟೆಯಲ್ಲೇ ಮುಂದಿನ ಕಥೆಗೆ ಹೋಗುತ್ತಿದ್ದ. ಇದೆಲ್ಲ ನನ್ನ ಭಾರಿ ಕಲ್ಪನೆ ಎಂದುಕೊಂಡಿದ್ದೆ.

ನಾನು ಓದುವುದನ್ನು ಅತ್ತೆ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೇಳುತ್ತಿದ್ದರು. ಓದು ಬಾರದವರು, ಮಡಿಯಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಒಂಬತ್ತನೆಯ ಕಥೆ ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಪಾಪ ಕಣೇ. ಅಷ್ಟೆಲ್ಲ ಮಾಡಿದೋನಿಗೆ ಒಂದು ಹೊತ್ತು ಊಟ ಹಾಕೋಕೆ ಏನು ಬಂತು ಆ ಜನಕ್ಕೆ? ಮುಂದಿನ ಕಥೇಲಿ ಒಳಗೆ ಕೂರಿಸಿ ಬಡಿಸ್ಬಿಡು."

"ಕಥೆ ಕೆಡುತ್ತೆ ಅತ್ತೆ."

"ಕೆಟ್ರೆ ಕೆಡ್ಲಿ. ಅವನು ಉಣ್ಲಿ."

ಆ ವಾರವೇ ಒಂದು ಬೆಳಗ್ಗೆ ಬಚ್ಚಲುಮನೆಯ ಸೌದೆ ರಾಶಿಯಲ್ಲಿ ನಾಗರಹಾವು ಹೆಡೆ ಎತ್ತಿತು. ಹೊಡೆಯುವಂತಿಲ್ಲ, ಅದು ದೇವರು. ಮಾಗಡಿ ರಸ್ತೆಯಲ್ಲಿ ಹೋಗುತ್ತಿದ್ದ ಹಾವಾಡಿಗನನ್ನು ನಾನೇ ಓಡಿಹೋಗಿ ಕರೆತಂದೆ. ಅವನ ಹೆಗಲ ಮೇಲೂ ಕಂಬಳಿ ಇತ್ತು. "ಬಾಪ್ಪಾ, ಬೇಗ ಬಾ" ಎನ್ನುತ್ತಾ ಅತ್ತೆ ತಾವೇ ಮುಂದೆ ನಡೆದು, ನಡುಮನೆ, ಅಡುಗೆಮನೆ ದಾಟಿಸಿ ಬಚ್ಚಲಿಗೆ ಬಿಟ್ಟರು. ಹಾವು ಇದ್ದಷ್ಟು ಹೊತ್ತು ನಮ್ಮ ಮನೆಯಲ್ಲಿ ಮಡಿಯೂ ಇರಲಿಲ್ಲ, ಮೈಲಿಗೆಯೂ ಇರಲಿಲ್ಲ.

ಹಾವು ಬುಟ್ಟಿ ಸೇರಿದ ಕೂಡಲೇ ಮಡಿ, ಮೈಲಿಗೆ ಎರಡೂ ವಾಪಸು ಬಂದವು. ಅತ್ತೆ ಅವನನ್ನು ಹಿತ್ತಿಲ ಬಾಗಿಲಿಂದ ಹೊರಗೆ ಕಳಿಸಿ, ಬುಟ್ಟಿಯ ಮುಂದೆ ಬೆಳ್ಳಿ ಬಟ್ಟಲಲ್ಲಿ ಹಾಲಿಟ್ಟು, "ತಪ್ಪಾಯ್ತು ಸ್ವಾಮಿ" ಎಂದು ಹಾವಿಗೆ ಕೆನ್ನೆ ಬಡಿದುಕೊಂಡರು.

"ಒಂದು ತುತ್ತು ಅನ್ನ ಇದ್ರೆ ಹಾಕಿ ತಾಯಿ," ಎಂದ ಹಾವಾಡಿಗ.

"ಇನ್ನೂ ನೈವೇದ್ಯ ಆಗಿಲ್ಲ. ಮುಂದೆ ಹೋಗಪ್ಪಾ."

ನೈವೇದ್ಯ ಆಗಿತ್ತು. ಅನ್ನ ಒಲೆಯ ಪಕ್ಕದಲ್ಲೇ ಇತ್ತು. ನನಗೆ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ. ಅವನು ನೀರಾದರೂ ಕೊಡಿ ಎಂದಾಗ, ಬೊಗಸೆ ಒಡ್ಡಿಸಿ, ತಾಕದ ಹಾಗೆ ಚೆಂಬಿನಿಂದ ಮೇಲಿಂದ ಸುರಿದವಳು ನಾನು. ಅವನು ಹೋದ ಮೇಲೆ ನಡುಮನೆಯಿಂದ ಬಚ್ಚಲಿನವರೆಗೆ ಇಬ್ಬರೂ ಸೇರಿ ತೊಳೆದೆವು.

ನಾಚಿಕೆಯಾಗಿತ್ತು. ಅದಕ್ಕೇ ಆ ಸಂಜೆ ಹತ್ತನೆಯ ಕಥೆ ಬರೆದೆ. ಅದರಲ್ಲಿ ಒಂದು ಮನೆಯವರು ಬೇಟೆಗಾರನನ್ನು ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿ, ಪಾಯಸ ಬಡಿಸುತ್ತಾರೆ. ಮಾರನೆಯ ದಿನ ಓದಿದೆ. ಅತ್ತೆಯ ಮುಖ ಅರಳಿತು.

"ಈಗ ಸರಿ ಹೋಯ್ತು ನೋಡು. ಮನುಷ್ಯರಾದೋರು ಹಿಂಗಿರ್ಬೇಕು."

ಅವರ ಮುಖವನ್ನೇ ಹುಡುಕಿದೆ. ಹಾವಾಡಿಗನ ನೆನಪು ಅಲ್ಲಿ ಎಳ್ಳಷ್ಟೂ ಇರಲಿಲ್ಲ.

ಬಳೇಪೇಟೆಯ ಪ್ರಕಾಶಕರು ಒಂಬತ್ತು ಕಥೆ ಇಟ್ಟುಕೊಂಡು ಹತ್ತನೆಯದನ್ನು ಹಿಂದಕ್ಕೆ ಕೊಟ್ಟರು. "ರಾಕ್ಷಸರನ್ನ ಓದೋರು ನಂಬ್ತಾರಮ್ಮ. ಇದನ್ನ ಯಾರೂ ನಂಬಲ್ಲ."

ಚೆಂಬು ಹಿಡಿದ ಕೈ ನನ್ನದೇ. ಯಾವ ಬಾಯಲ್ಲಿ ವಾದಿಸಲಿ? ಪುಸ್ತಕ ಒಂಬತ್ತು ಕಥೆಗಳೊಂದಿಗೆ ಬಂತು. ಅತ್ತೆಗೆ ಹೇಳಲಿಲ್ಲ. ಬೇಟೆಗಾರ ನಮ್ಮಂಥವರ ಮನೆಯಲ್ಲಿ ಹೊಟ್ಟೆ ತುಂಬ ಉಂಡ ಎಂದೇ ಅವರು ಕೊನೆಯವರೆಗೂ ನಂಬಿದ್ದರು.